ಹಳಿಯಿಂದ ತೇಪೆಗೆ: ರೋಣ, ನರಗುಂದ, ಗಜೇಂದ್ರಗಡ ಸೀಮೆಯಲ್ಲಿ ಲಾರಿ ತಗಡಿನ ದುರಸ್ತಿ ನಡೆದು ಬಂದ ದಾರಿ

ಮಳೆಗಾಲ ಮುಗಿದು ತಿಂಗಳಾದ ಮೇಲೆ ಹಳೆಯ ಲಾರಿಯೊಂದರ ಮಡ್‌ಗಾರ್ಡಿನ ಒಳಮೈಗೆ ಕೈ ಹಾಕಿ ನೋಡಿ. ಹೊರಗೆ ಹೊಲದ ನೆಲ ಒಣಗಿ ಬಿರುಕು ಬಿಡತೊಡಗಿರುತ್ತದೆ. ಒಳಗೆ, ತಗಡಿನ ಅಂಚು ಮಡಚಿದ ಸಂದಿನಲ್ಲಿ, ಎರೆಮಣ್ಣಿನ ಹೆಂಟೆ ಇನ್ನೂ ತಣ್ಣಗಿರುತ್ತದೆ. ಉಗುರಿನಿಂದ ಕೆರೆದರೆ ಕರಿಮಣ್ಣಿನ ಹಿಂದೆ ಕೆಂಪು ಪುಡಿ. ರೋಣ, ನರಗುಂದ, ಗಜೇಂದ್ರಗಡದ ಕಡೆ ಲಾರಿಯ ಮೈ ಹಾಳಾಗುವುದು ಹೀಗೆ, ಒಳಗಿನಿಂದ ಹೊರಗೆ. ಬಣ್ಣದ ಮೇಲೆ ಗುಳ್ಳೆ ಎದ್ದು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಒಳಗಿನ ತಗಡು ಹಪ್ಪಳವಾಗಿರುತ್ತದೆ.

ಕರಾವಳಿಯಲ್ಲಿ ಉಪ್ಪುಗಾಳಿ ಹೊರಮೈಯನ್ನೇ ತಿನ್ನುತ್ತದೆ. ಅಲ್ಲಿ ಜಂಗು ಎಲ್ಲರಿಗೂ ಕಾಣುತ್ತದೆ. ನಮ್ಮದು ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಬೀಳುವ ಒಣ ಸೀಮೆ. ಛಾವಣಿ, ಬಾನೆಟ್ಟು, ಬಾಗಿಲಿನ ಮೇಲರ್ಧ ಐವತ್ತು ವರ್ಷ ಕಳೆದರೂ ಗಟ್ಟಿಯಾಗಿ ಉಳಿಯುತ್ತವೆ. ಹಳೆಯ ಲಾರಿಯನ್ನು ಮೊದಲಿನ ರೂಪಕ್ಕೆ ತರಬೇಕೆನ್ನುವವರಿಗೆ ಇದೊಂದು ಭಾಗ್ಯ. ಆದರೆ ಕ್ಯಾಬಿನ್ನಿನ ನೆಲ, ಬಾಗಿಲಿನ ತಳ, ಮಡ್‌ಗಾರ್ಡಿನ ಅಂಚು, ಕಾಲಿಡುವ ಮೆಟ್ಟಿಲು, ಬ್ಯಾಟರಿ ಡಬ್ಬಿಯ ಸುತ್ತ, ಗಾಜಿನ ರಬ್ಬರಿನ ಕೆಳಮೂಲೆ ಇವಷ್ಟೂ ಎರೆಮಣ್ಣಿನ ಪಾಲು. ಈ ಕೆಲವೇ ಅಡಿ ತಗಡನ್ನು ಉಳಿಸಿಕೊಳ್ಳಲು ಈ ಭಾಗದ ಕೈಗಳು ನೂರು ವರ್ಷದಲ್ಲಿ ಏನೇನು ಮಾಡಿವೆ, ಯಾವುದು ನಿಂತಿತು, ಯಾವುದು ನಿಲ್ಲಲಿಲ್ಲ ಎಂಬುದೇ ಈ ಲೇಖನದ ವಿಷಯ.

ಎರೆಮಣ್ಣು ಹೀಗೇಕೆ ಮಾಡುತ್ತದೆ ಎಂಬುದಕ್ಕೆ ವಿಜ್ಞಾನದ ಉತ್ತರ ಸಿಕ್ಕದ್ದು 1920ರ ದಶಕದಲ್ಲಿ. ಕೇಂಬ್ರಿಜ್‌ನ ಯು. ಆರ್. ಇವಾನ್ಸ್ ಕಬ್ಬಿಣದ ತಗಡಿನ ಮೇಲೆ ಉಪ್ಪುನೀರಿನ ಹನಿಯೊಂದನ್ನು ಇಟ್ಟು ನೋಡಿದರು. ಹನಿಯ ಅಂಚಿಗೆ ಗಾಳಿ ಚೆನ್ನಾಗಿ ತಾಗುತ್ತದೆ, ನಡುವಿಗೆ ತಾಗುವುದಿಲ್ಲ. ಗಾಳಿ ಹೆಚ್ಚು ತಾಗುವಲ್ಲಿ ಕಬ್ಬಿಣ ಸವೆಯಬೇಕೆಂದು ನಮಗೆ ಅನ್ನಿಸುತ್ತದೆ, ನಡೆಯುವುದು ತಿರುವುಮುರುವು. ಗಾಳಿ ಕಡಿಮೆ ಇರುವ ನಡುಭಾಗದಲ್ಲೇ ಕಬ್ಬಿಣ ಕರಗುತ್ತದೆ, ಅಂಚಿನತ್ತ ಬಂದು ತುಕ್ಕಾಗಿ ಕೂರುತ್ತದೆ. ಮಡ್‌ಗಾರ್ಡಿನೊಳಗೆ ಮೆತ್ತಿದ ಹಸಿ ಹೆಂಟೆ ಇಂಥದೇ ದೊಡ್ಡ ಹನಿ. ಅದರಡಿ ಗಾಳಿಯಿಲ್ಲ, ತೇವ ಆರುವುದಿಲ್ಲ, ಮಣ್ಣಿನ ಲವಣ ನೀರಿಗೆ ವಿದ್ಯುತ್ತು ಹರಿಸುವ ಗುಣ ಕೊಡುತ್ತದೆ. ಮೇಲಾಗಿ, ಹುಟ್ಟಿದ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ; ಎರಡು ತಗಡುಗಳ ನಡುವೆ ಹುಟ್ಟಿದರೆ ಅವನ್ನು ಬೆಣೆ ಹೊಡೆದಂತೆ ಸೀಳುತ್ತದೆ.

ಮಲಪ್ರಭೆಯ ಕಾಲುವೆ ಬಂದ ಮೇಲೆ ನರಗುಂದದ ಕಡೆ ಹಸಿಮಣ್ಣಿನ ತಿಂಗಳುಗಳೂ ಹೆಚ್ಚಿದವು, ಕೆಲವು ಹೊಲಗಳಲ್ಲಿ ಸವಳೂ ಮೇಲೆದ್ದಿತು. ಅದರ ಜೊತೆ ಹೇರಿನ ಗುಣ ಸೇರಿತು. ಹತ್ತಿಯ ಅಂಡಿಗೆ ಒಣ ಹೇರು, ಕಡಲೆ, ಹೆಸರು ಒಣ ಹೇರು. ಉಳ್ಳಾಗಡ್ಡಿ ಬೆವರುತ್ತದೆ. ಗೊಬ್ಬರದ ಚೀಲ ಹರಿದರಂತೂ ಪೊಟ್ಯಾಶ್, ಅಮೋನಿಯಂ ಸಲ್ಫೇಟ್ ಗಾಳಿಯ ತೇವವನ್ನೇ ಹೀರಿ ನೆಲದ ತಗಡಿನ ಮೇಲೆ ಕೂರುತ್ತವೆ. ಲಾರಿಯ ಬಾಡಿಯನ್ನು ನೋಡಿ ಅದು ಯಾವ ಹೇರು ಹೊತ್ತು ಬದುಕಿತು ಎಂದು ಹೇಳುವ ಹಿರಿಯ ಮಿಸ್ತ್ರಿಗಳಿದ್ದಾರೆ. ಅವರ ಮಾತಿನ ಹಿಂದೆ ಇರುವುದು ಈ ರಸಾಯನವೇ.

ಕುಲುಮೆಯ ಪಾಠ

ಲಾರಿ ಬರುವ ಮೊದಲೇ ಲಾರಿಯನ್ನು ದುರಸ್ತಿ ಮಾಡುವ ವಿದ್ಯೆಯ ಅರ್ಧ ಭಾಗ ಈ ಊರುಗಳಲ್ಲಿ ಇತ್ತು. ಕಂಬಾರ ಆಯಗಾರರಲ್ಲಿ ಒಬ್ಬ; ಸುಗ್ಗಿಯಲ್ಲಿ ರಾಶಿಯ ಕಣದಿಂದ ಅವನಿಗೆ ಆಯ. ಊರೂರು ತಿರುಗುವ ಘಿಸಾಡಿಗಳೂ ಬಂಡಿಯ ಪಕ್ಕದಲ್ಲಿ ತಿದಿ ಹೂಡಿ ಕುಡ ಬಡಿದು ಕೊಡುತ್ತಿದ್ದರು. ಅವರ ಕೆಲಸಗಳಲ್ಲಿ ಬಹು ಸೂಕ್ಷ್ಮವಾದದ್ದು ಬಂಡಿಯ ಗಾಲಿಗೆ ಹಳಿ ಏರಿಸುವುದು.

ಹಳಿಯನ್ನು ಬೇಕೆಂದೇ ಗಾಲಿಗಿಂತ ತುಸು ಚಿಕ್ಕದಾಗಿ ಮಾಡುತ್ತಾರೆ. ಸುತ್ತ ಕುರುಳು ಒಟ್ಟಿ ಕೆಂಪಾಗುವವರೆಗೆ ಕಾಯಿಸುತ್ತಾರೆ. ಐದಡಿ ಗಾಲಿಯ ಹಳಿಯ ಸುತ್ತಳತೆ ಹೆಚ್ಚುಕಡಿಮೆ 4.8 ಮೀಟರ್, ಐನೂರು ಡಿಗ್ರಿ ಏರಿದರೆ ಅದು ಸುಮಾರು ಮೂರು ಸೆಂಟಿಮೀಟರ್ ಬೆಳೆಯುತ್ತದೆ. ಆ ಮೂರು ಸೆಂಟಿಮೀಟರ್ ಇರುವಾಗಲೇ ಇಕ್ಕಳದಿಂದ ಎತ್ತಿ ಗಾಲಿಗೆ ಕೂರಿಸಿ, ಕಟ್ಟಿಗೆ ಹತ್ತಿ ಉರಿಯುವುದರೊಳಗೆ ನೀರು ಸುರಿಯಬೇಕು. ಹಳಿ ಕುಗ್ಗಿ ಕೀಲು ಕೀಲನ್ನೂ ಬಿಗಿಯುತ್ತದೆ. ಕಾದ ಕಬ್ಬಿಣ ಹಿಗ್ಗುತ್ತದೆ, ತಟ್ಟನೆ ತಣಿದರೆ ಬಿಗಿಯುತ್ತದೆ ಎಂಬ ಅರಿವು ಲೆಕ್ಕದಿಂದ ಬಂದದ್ದಲ್ಲ, ಕಣ್ಣು ಮತ್ತು ಕಿವಿಯಿಂದ ಬಂದದ್ದು.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಉಬ್ಬಿ ಡಬ್ ಡಬ್ ಎನ್ನುವ ಬಾನೆಟ್ಟನ್ನು ಇಂದು ಸರಿಮಾಡುವುದೂ ಹೀಗೆಯೇ: ಉಬ್ಬಿನ ನಡುವೆ ಎಂಟಾಣೆಯಷ್ಟು ಅಗಲ ಕೆಂಪಗೆ ಕಾಯಿಸಿ, ಸುತ್ತಿಗೆಯಿಂದ ಮೆಲ್ಲಗೆ ಕೂರಿಸಿ, ಒದ್ದೆ ಬಟ್ಟೆ ಒತ್ತಿದರೆ ಹಿಗ್ಗಿದ ತಗಡು ತನ್ನೊಳಗೆ ತಾನೇ ಸೇದಿಕೊಳ್ಳುತ್ತದೆ. ಹಳಿ ಏರಿಸುವ ಮನೆತನದಿಂದ ಬಂದವರು ತಗಡಿನ ಕೆಲಸವನ್ನು ಬೇಗ ಹಿಡಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ಕಾರ್ಖಾನೆಯ ಕಬ್ಬಿಣ ಹಳ್ಳಿಗೆ ಬಂದದ್ದು ನೇಗಿಲಿನ ರೂಪದಲ್ಲಿ. ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿ ತೆರೆದ ಲಕ್ಷ್ಮಣರಾವ್ ಕಿರ್ಲೋಸ್ಕರರು 1903ರಲ್ಲಿ ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಾಗಿದರೆ ಹೊಲ ಕೆಡುತ್ತದೆಂದು ರೈತರು ಅಂಜಿದ್ದರೆಂಬುದು ಅವರ ಕತೆಯಲ್ಲಿ ಬರುತ್ತದೆ. ಗದುಗಿನ ಮೇಲೆ ಹಾದ ಮೀಟರ್ ಗೇಜ್ ರೈಲು, ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆ ಎರಡೂ 1880ರ ದಶಕದವು. ರೈಲು ಈ ಸೀಮೆಗೆ ರಿವೆಟ್ಟು ಹೊಡೆಯುವ ಕೈಗಳನ್ನು ತಂದಿತು. ಇನ್ನೊಂದನ್ನೂ ತಂದಿತು: ರೈಲು ಹಳಿಯ ತುಂಡು. ಇಂದಿಗೂ ನಮ್ಮ ಅನೇಕ ಗ್ಯಾರೇಜುಗಳಲ್ಲಿ ಅಡಿಗಲ್ಲಿನ ಕೆಲಸ ಮಾಡುವುದು ಅದೇ.

ಮರದ ಕ್ಯಾಬಿನ್ನಿನ ಕಾಲ

ಜನರಲ್ ಮೋಟಾರ್ಸ್ 1928ರಲ್ಲಿ ಮುಂಬಯಿಯ ಶಿವಡಿಯಲ್ಲಿ ಜೋಡಣೆ ಕಾರ್ಖಾನೆ ತೆರೆಯಿತು. ಆಗ ಈ ಊರುಗಳಿದ್ದ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲೇ ಇತ್ತಾದ್ದರಿಂದ ಷೆವರ್ಲೆ, ಫೋರ್ಡ್, ಡಾಜ್ ಎಂಬ ಹೆಸರುಗಳು ಇಲ್ಲಿನ ಅರಳೆ ವ್ಯಾಪಾರಿಗಳಿಗೆ ಪರಕೀಯವಾಗಿ ಉಳಿಯಲಿಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯದ ಲಾರಿಗಳು ಹರಾಜಿಗೆ ಬಂದವು. 1945ರಲ್ಲಿ ಹುಟ್ಟಿದ ಟಾಟಾದವರ ಟೆಲ್ಕೊ, 1954ರಲ್ಲಿ ಡೈಮ್ಲರ್-ಬೆಂಜ್ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡತೊಡಗಿತು. ಹದಿನೈದು ವರ್ಷದ ಆ ಒಪ್ಪಂದ 1969ರಲ್ಲಿ ಮುಗಿದು, ಮೂತಿಯ ಮೇಲಿನ ಬೆಂಜ್ ನಕ್ಷತ್ರ ಹೋಗಿ ಟಾಟಾದ 'ಟಿ' ಬಂತು. 1955ರಿಂದ ಅಶೋಕ್ ಲೇಲ್ಯಾಂಡಿನ ಕಾಮೆಟ್, ಹಿಂದುಸ್ತಾನ್ ಮೋಟಾರ್ಸಿನ ಬೆಡ್‌ಫೋರ್ಡ್, ಪ್ರೀಮಿಯರ್‌ನ ಫಾರ್ಗೊ ಮತ್ತು ಡಾಜ್. ಇಂದು ಹಳೆಯ ಲಾರಿ ಎಂದು ನಾವು ಹುಡುಕಿಕೊಂಡು ಹೋಗುವುದು ಹೆಚ್ಚಾಗಿ ಇವನ್ನೇ. ಅದರಲ್ಲೂ ಟಾಟಾ 1210, ಅಂದರೆ ಹನ್ನೆರಡು ಟನ್ ಒಟ್ಟು ತೂಕದ, ನೂರರ ಆಸುಪಾಸಿನ ಅಶ್ವಶಕ್ತಿಯ, ಮೂತಿ ಅರ್ಧ ಮುಂದೆ ಚಾಚಿದ ಆ ಲಾರಿಯನ್ನು.

ಹೊರದೇಶದ ಪುಸ್ತಕ ನೋಡಿ ಲಾರಿ ದುರಸ್ತಿಗೆ ಇಳಿಯುವವರು ಮೊದಲು ಎಡವುವುದು ಇಲ್ಲಿ. ಅಮೆರಿಕದ ಹಳೆಯ ಪಿಕಪ್ಪಿನ ಕ್ಯಾಬಿನ್ನು ಕಾರ್ಖಾನೆಯಲ್ಲಿ ಅಚ್ಚೊತ್ತಿ ಬಂದದ್ದು. ಅದಕ್ಕೆ ಹೊಸ ಮೂಲೆ, ಹೊಸ ನೆಲ ಕೊಂಡು ತರಬಹುದು. ನಮ್ಮ ಲಾರಿ ಕಾರ್ಖಾನೆಯಿಂದ ಬಂದದ್ದು ಚಾಸಿಯ ಮೇಲೆ ಕೌಲು, ಬಾನೆಟ್ಟು, ಮಡ್‌ಗಾರ್ಡು ಇಷ್ಟರಲ್ಲೇ. ಚಾಲಕ ಬಯಲಲ್ಲಿ ಕೂತು ಓಡಿಸಿಕೊಂಡು ತರುತ್ತಿದ್ದ. ಗಾಜಿನ ಹಿಂದಿನದೆಲ್ಲ ಊರಿನ ಬಡಿಗನ ಕೆಲಸ. ಸಾಗುವಾನಿ, ಮತ್ತಿ ಮರದ ಚೌಕಟ್ಟು, ಅದರ ಮೇಲೆ 20 ಅಥವಾ 22 ಗೇಜಿನ ತಗಡು, ಅಂದರೆ 0.9 ಅಥವಾ 0.7 ಮಿ.ಮೀ. ದಪ್ಪ. ಮೊಳೆ ಹೊಡೆದು, ಅಂಚು ಮಡಚಿ, ಮೇಲೆ ಚಿತ್ತಾರ. ಹೀಗಾಗಿ ಒಂದು 1210ರ ಕ್ಯಾಬಿನ್ನು ಇನ್ನೊಂದರ ಹಾಗಿಲ್ಲ. ಅಚ್ಚಿನ ಬಿಡಿಭಾಗ ಎಲ್ಲಿಯೂ ಸಿಗುವುದಿಲ್ಲ. ಎಲ್ಲವನ್ನೂ ಕೈಯಲ್ಲೇ ಮಾಡಬೇಕು.

ಮರ ಮತ್ತು ತಗಡಿನ ಸಂಸಾರ ಕಷ್ಟದ್ದು. ಮರ ನೀರು ಕುಡಿಯುತ್ತದೆ, ಆ ನೀರನ್ನು ತಿಂಗಳುಗಟ್ಟಲೆ ತಗಡಿನ ಬೆನ್ನಿಗೆ ಒತ್ತಿ ಹಿಡಿಯುತ್ತದೆ. ಮೊದಲು ಮೊಳೆಯ ಸುತ್ತ ಕಪ್ಪು ಕಲೆ, ಆಮೇಲೆ ಮೊಳೆ ಸಡಿಲ, ಆಮೇಲೆ ಅದೇ ತೂತಿನಿಂದ ನೀರು. ಆಗಿನ ದುರಸ್ತಿ ಎಂದರೆ ಬಡಿಗ, ಕಂಬಾರ ಇಬ್ಬರೂ ಸೇರಿ ಮಾಡುವ ಕೆಲಸ: ತಗಡು ಬಿಚ್ಚಿ, ಮುಕ್ಕಾದ ಮರ ತೆಗೆದು, ಹೊಸ ತುಂಡು ಕೂಡಿಸಿ, ಹೊಸ ತಗಡು ಹೊದಿಸುವುದು. ಮರದ ಬೆನ್ನಿಗೆ ಡಾಂಬರು ಬಳಿಯುತ್ತಿದ್ದರು. ತಗಡನ್ನು ಪೂರ್ತಿ ಬಿಚ್ಚಲೇಬೇಕಾದ್ದರಿಂದ ಒಳಗಿನ ಕೊಳೆತ ತಾನಾಗಿ ಕಣ್ಣಿಗೆ ಬೀಳುತ್ತಿತ್ತು. ಆ ಪದ್ಧತಿಯ ದೊಡ್ಡ ಗುಣ ಅದು. ಮುಂದೆ ಬಂದ ವೇಗದ ಪದ್ಧತಿಗಳಲ್ಲಿ ಮೊದಲು ಕಳೆದುಹೋದದ್ದೂ ಅದೇ.

ತಗಡು ಎಲ್ಲಿಂದ? 1992ರ ಜನವರಿಯವರೆಗೆ ಉಕ್ಕಿನ ಬೆಲೆ, ಹಂಚಿಕೆ ಎರಡೂ ಸರಕಾರದ ಹಿಡಿತದಲ್ಲಿದ್ದವು. ಭದ್ರಾವತಿಯಲ್ಲಿ 1923ರಿಂದ ಕಬ್ಬಿಣ ಹರಿಯುತ್ತಿದ್ದರೂ ತೆಳು ತಗಡು ದೂರದ ರೂರ್ಕೆಲಾದಂಥ ಕಡೆಯಿಂದ ಬರಬೇಕಿತ್ತು. ಸಣ್ಣ ಊರಿನ ಮಿಸ್ತ್ರಿಗೆ ಆಗ ಒದಗಿದ್ದು ಎಣ್ಣೆಯ ಬ್ಯಾರಲ್ಲು. 200 ಲೀಟರಿನ ಬ್ಯಾರಲ್ಲಿನ ಮೈ ಒಂದು ಮಿಲಿಮೀಟರ್ ಆಚೀಚೆಯ ಒಳ್ಳೆಯ ಮೆದು ಉಕ್ಕು. ತಲೆ, ತಳ ಕತ್ತರಿಸಿ, ಉದ್ದಕ್ಕೆ ಸೀಳಿ, ಬಡಿದು ಚಪ್ಪಟೆ ಮಾಡಿದರೆ ಬಾಗಿಲಿನ ತಳಕ್ಕೂ ಆಯಿತು, ನೆಲಕ್ಕೂ ಆಯಿತು. ಆ ತೇಪೆಗಳನ್ನು ನಾನು ಕೀಳಾಗಿ ಕಾಣಲಾರೆ. ಅವುಗಳಲ್ಲಿ ಎಷ್ಟೋ ಇಂದಿಗೂ ಗಟ್ಟಿಯಾಗಿವೆ. ಕೊಳೆತದ್ದು ಅವುಗಳ ಸುತ್ತಲಿನ ಅಂಚು.

ಬೆಸುಗೆ ಮತ್ತು ಕಲಾಯಿ

ಆಕ್ಸಿಜನ್ ಮತ್ತು ಅಸಿಟಿಲಿನ್ ಕೂಡಿದ ಜ್ವಾಲೆ ಫ್ರಾನ್ಸಿನಲ್ಲಿ 1903ರ ಹೊತ್ತಿಗೆ ಬಳಕೆಗೆ ಬಂದಿತ್ತು. ಮೂರು ಸಾವಿರ ಡಿಗ್ರಿ ದಾಟುವ ಈ ಬೆಂಕಿ ನಮ್ಮ ಊರುಗಳಿಗೆ ಬಂದದ್ದು ಕಾರ್ಬೈಡ್ ಡಬ್ಬಿಯ ಜೊತೆ. ಕ್ಯಾಲ್ಸಿಯಂ ಕಾರ್ಬೈಡಿನ ಹರಳಿಗೆ ನೀರು ತಾಗಿದರೆ ಅಸಿಟಿಲಿನ್ ಹೊಮ್ಮುತ್ತದೆ. ಡ್ರಮ್ಮಿನಂಥ ಜನರೇಟರಿನಲ್ಲಿ ಅದನ್ನು ಹುಟ್ಟಿಸಿ ಕೊಳವೆಯಲ್ಲಿ ತರುತ್ತಿದ್ದರು. ಕರೆಂಟು ಇಲ್ಲದ ಊರಲ್ಲೂ ನಡೆಯುವ ವಿದ್ಯೆ ಅದು. ರಿವೆಟ್ಟು, ಮೊಳೆಗಳ ಜಾಗಕ್ಕೆ ಮೊದಲ ಬಾರಿಗೆ ಹೊಲಿಗೆಯಿಲ್ಲದ ಸೇರಿಕೆ ಬಂತು.

ಗ್ಯಾಸ್ ವೆಲ್ಡಿಂಗಿನ ಗುಣ ಅದರ ಸೀಮ್ ಮೆದುವಾಗಿರುವುದು. ಸುತ್ತಿಗೆ ಪೆಟ್ಟು ತಡೆಯುತ್ತದೆ, ಬಡಿದು ಸಮ ಮಾಡಿದರೆ ಸೇರಿಕೆಯ ಗುರುತೇ ಉಳಿಯುವುದಿಲ್ಲ. ದೋಷ ಅದರ ನಿಧಾನ. ನಿಧಾನವಾದಷ್ಟೂ ಶಾಖ ಹರಡುತ್ತದೆ, ಹರಡಿದಷ್ಟೂ ತಗಡು ಅಲೆಅಲೆಯಾಗಿ ಸೊಟ್ಟಗಾಗುತ್ತದೆ. ಅದನ್ನು ಮತ್ತೆ ನೇರ ಮಾಡಲು ಬೇಕಾದದ್ದು ಹಳಿ ಏರಿಸಿದ ಕಣ್ಣು.

ಆಮೇಲೂ ಉಳಿಯುವ ಸಣ್ಣ ತಗ್ಗನ್ನು ತುಂಬಲು ಸೀಸ. ಸೀಸ ಮತ್ತು ತವರವನ್ನು 70ಕ್ಕೆ 30ರಂತೆ ಬೆರೆಸಿದ ಕಡ್ಡಿ ಸುಮಾರು 183 ಡಿಗ್ರಿಯಿಂದ ಮುಂದೆ ಬೆಣ್ಣೆಯಂತಾಗುತ್ತದೆ. ಎಣ್ಣೆ ಹಚ್ಚಿದ ಮರದ ಪಟ್ಟಿಯಿಂದ ಅದನ್ನು ತೀಡಬಹುದು. ಕೇಳಲು ಪರದೇಶದ ವಿದ್ಯೆ. ಆದರೆ ತಾಮ್ರದ ಹಂಡೆಗೆ ಕಲಾಯಿ ಹಾಕುವವರನ್ನು ನೋಡಿದವರಿಗೆ ಇದು ಗುರುತಿನ ಕೆಲಸ. ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ಬಿಳಿ ಹೊಗೆ ಏಳುತ್ತಿರುವಾಗಲೇ ತವರ ಮುಟ್ಟಿಸಿ ಹತ್ತಿಯಿಂದ ಸರ್ರನೆ ಬಳಿಯುವುದು. ನವಸಾಗರ ಲೋಹದ ಮೈಯ ಕಿಲುಬನ್ನು ಕಿತ್ತು ಹಾಕುತ್ತದೆ. ಸ್ವಚ್ಛ ಲೋಹವನ್ನಷ್ಟೇ ತವರ ಹಿಡಿಯುತ್ತದೆ. ಲಾರಿಯ ತಗಡಿಗೂ ಇದೇ ನಿಯಮ. ಈ ನಿಯಮಕ್ಕೆ ಒಂದು ನೈತಿಕ ಬಲವೂ ಇತ್ತು ಎನ್ನಬೇಕು: ಜಂಗಿನ ಮೇಲೆ ಸೀಸ ಕೂರುವುದೇ ಇಲ್ಲ. ಮುಚ್ಚಿಡಬೇಕೆಂದರೂ ಮುಚ್ಚಿಡಲಾಗದು. ಆದರೆ ಸೀಸದ ಪುಡಿ ಕೆಲಸಗಾರನ ರಕ್ತಕ್ಕೆ ಸೇರುವ ವಿಷ. ಆ ಕಾರಣಕ್ಕೆ ಅದು ಹಿಂದೆ ಸರಿದದ್ದು ಸರಿ.

ಪುಟ್ಟಿಯ ಕಾಲ

1955ರಲ್ಲಿ ಅಮೆರಿಕದ ಮಯಾಮಿಯಲ್ಲಿ ರಾಬರ್ಟ್ ಮೆರ್ಟನ್ ಸ್ಪಿಂಕ್ ಎಂಬ ಗ್ಯಾರೇಜಿನವರು ಪಾಲಿಯೆಸ್ಟರ್ ರಾಳಕ್ಕೆ ಟಾಲ್ಕ್ ಪುಡಿ ಬೆರೆಸಿ ಹೊಸ ಲೇಪ ಮಾಡಿದರು. ಗಟ್ಟಿಗೊಳಿಸುವ ರಸಾಯನ ಸ್ವಲ್ಪ ಸೇರಿಸಿದರೆ ನಿಮಿಷಗಳಲ್ಲಿ ಕಲ್ಲಾಗುತ್ತದೆ, ಉಜ್ಜಿದರೆ ನಯವಾಗುತ್ತದೆ, ಬೆಂಕಿ ಬೇಡ. ಇದರ ಸಂತತಿಯೇ ನಮ್ಮ ಗ್ಯಾರೇಜುಗಳ ಪುಟ್ಟಿ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಊರುಗಳಿಗೆ ಕರೆಂಟು ಬಂತು, ಕರೆಂಟಿನ ಜೊತೆ ಕಡ್ಡಿಯ ವೆಲ್ಡಿಂಗ್ ಬಂತು. ಟ್ರ್ಯಾಲಿ, ಕುಂಟೆ, ಚಾಸಿಗೆ ಅದು ವರ. ಒಂದು ಮಿಲಿಮೀಟರಿನ ತಗಡಿಗೆ ಶಾಪ. ಕಡ್ಡಿ ತಾಗಿದಲ್ಲೆಲ್ಲ ತೂತು. ತೂತಾಗದಿರಲೆಂದು ದಪ್ಪ ತಗಡಿನ ತುಂಡನ್ನು ಹಳೆಯ ಕೊಳೆತದ ಮೇಲೆಯೇ ಇಟ್ಟು ಅಲ್ಲಲ್ಲಿ ಟಾಕಿ, ಸುತ್ತ ಪುಟ್ಟಿ ಮೆತ್ತಿ, ಬಣ್ಣ ಹೊಡೆಯುವ ರೂಢಿ ಬಿತ್ತು.

ಈ ರೂಢಿಯ ಬಗ್ಗೆ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ: ತಗಡಿನ ದುರಸ್ತಿಯ ಇತಿಹಾಸದಲ್ಲಿ ಇದು ಹಿನ್ನಡೆ. ತೇಪೆ ಮತ್ತು ಹಳೆಯ ತಗಡಿನ ನಡುವೆ ಕಾಗದದಷ್ಟು ಸಂದು ಉಳಿಯುತ್ತದೆ. ನೀರು ಅದರೊಳಗೆ ತಾನಾಗಿ ಏರುತ್ತದೆ, ಇಳಿಯುವುದಿಲ್ಲ. ಇವಾನ್ಸರ ಹನಿಯನ್ನು ನಾವೇ ಕಟ್ಟಿ ಒಳಗೆ ಇಟ್ಟಂತೆ. ಪುಟ್ಟಿ ನೀರು ತಡೆಯುತ್ತದೆಂದು ಬಹಳ ಜನ ನಂಬಿದ್ದಾರೆ. ಅದರಲ್ಲಿರುವ ಟಾಲ್ಕ್ ತೇವ ಹೀರುತ್ತದೆ. ಎರಡು ಮಳೆಗಾಲದ ನಂತರ ತೇಪೆಯ ಸುತ್ತ ಮೊದಲಿಗಿಂತ ದೊಡ್ಡ ತೂತು.

ಹಾಗೆಂದು ಮಿಸ್ತ್ರಿಯನ್ನು ದೂರಿದರೆ ಅನ್ಯಾಯ. ಒಂಟಿ ಲಾರಿಯ ಮಾಲೀಕನಿಗೆ ಲಾರಿ ನಿಂತ ದಿನ ಕಂತಿನ ದಿನ. ಪಾಸಿಂಗಿಗೆ ಗಾಡಿ ಒಯ್ಯಲು ಮೂರು ದಿನ ಇರುವಾಗ ಬಂದು, ಮೇಲೆ ಚೆಂದ ಕಾಣಲಿ ಸಾಕು ಎನ್ನುತ್ತಾನೆ. ಮೂರು ದಿನಕ್ಕೆ ಸಿಗುವ ಕೆಲಸ ಮೂರು ದಿನದ್ದೇ. ದೊಡ್ಡ ಸಾಗಣೆ ಸಂಸ್ಥೆಗಳ ದಾರಿ ಬೇರೆ. 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ವಿಜಯ ಸಂಕೇಶ್ವರರು ಆರಂಭಿಸಿದ ವಿಆರ್‌ಎಲ್ ಹುಬ್ಬಳ್ಳಿಯಲ್ಲಿ ಬೆಳೆದು ತನ್ನದೇ ಬಾಡಿ ಕಟ್ಟುವ, ದುರಸ್ತಿ ಮಾಡುವ ವರ್ಕ್‌ಶಾಪ್ ಇಟ್ಟುಕೊಂಡಿತು. 1997ರಲ್ಲಿ ರಾಜ್ಯ ಸಾರಿಗೆ ಸಂಸ್ಥೆಯಿಂದ ಬೇರೆಯಾದ ವಾಯವ್ಯ ಸಾರಿಗೆ ಸಂಸ್ಥೆಗೂ ಹುಬ್ಬಳ್ಳಿಯೇ ಕೇಂದ್ರ. ಗಾಡಿ ನಿಲ್ಲಿಸಿ, ಬಿಚ್ಚಿ, ಕತ್ತರಿಸಿ ಮಾಡುವ ಶಿಸ್ತು ಅಂಥ ಕಡೆ ಉಳಿಯಿತು. ಅಲ್ಲಿ ಕಲಿತು ಊರಿಗೆ ಮರಳಿದ ಕೈ ಎಲ್ಲಿದೆಯೋ ಆ ಗ್ಯಾರೇಜಿನ ಕೆಲಸ ನೋಡಿದರೆ ತಿಳಿಯುತ್ತದೆ.

2009ರ ಮತ್ತು 2019ರ ನೆರೆಗಳು ಇನ್ನೊಂದು ಪಾಠ ಕಲಿಸಿದವು. ಮಲಪ್ರಭೆ, ಬೆಣ್ಣಿಹಳ್ಳ ಉಕ್ಕಿ ಕೊಣ್ಣೂರು, ಹೊಳೆಆಲೂರಿನ ಕಡೆ ನೀರು ನುಗ್ಗಿತು. ನೆರೆನೀರು ಕಬ್ಬಿಣಕ್ಕೆ ಮಳೆನೀರಿನಂತಲ್ಲ. ನುಣ್ಣನೆಯ ರೇವೆಯನ್ನು ಪೊಳ್ಳು ಕಂಬಗಳ, ಬಾಗಿಲಿನ, ಚಾಸಿಯ ಒಳಗೆ ಹೊತ್ತು ತಂದು ಬಿಟ್ಟು ಹೋಗುತ್ತದೆ. ಹೊರಗಿನಿಂದ ತೊಳೆದು ಒಣಗಿಸಿದ ಗಾಡಿ ಒಳಗಿನಿಂದ ಕೊಳೆಯುತ್ತ ಹೋಗುತ್ತದೆ. ನೆರೆ ಕಂಡ ಗಾಡಿಯ ಪೊಳ್ಳುಗಳಿಗೆ ಪೈಪು ತೂರಿಸಿ, ಕೆಳಗೆ ತಿಳಿನೀರು ಬರುವವರೆಗೆ ತೊಳೆಯದೆ ಯಾವ ಬಣ್ಣವೂ ಪ್ರಯೋಜನಕ್ಕೆ ಬಾರದು.

ಹೊಸ ಬೆಂಕಿ, ಹೊಸ ಲೇಪ

ಮಿಗ್ ವೆಲ್ಡಿಂಗ್ ಈ ಕಸುಬನ್ನು ಎರಡನೆಯ ಬಾರಿ ಬದಲಿಸಿತು. 0.8 ಮಿ.ಮೀ. ತಂತಿ ತಾನಾಗಿ ಹರಿದು ಬರುತ್ತದೆ, ಇಂಗಾಲದ ಡೈಆಕ್ಸೈಡ್ ಅಥವಾ ಆರ್ಗಾನ್ ಬೆರೆತ ಅನಿಲ ಬೆಸುಗೆಯನ್ನು ಗಾಳಿಯಿಂದ ಕಾಯುತ್ತದೆ, ಒಂದು ಚುಕ್ಕೆಗೆ ಸೆಕೆಂಡೂ ಬೇಡ. ಶಾಖ ಹರಡುವ ಮೊದಲೇ ಕೆಲಸ ಮುಗಿದಿರುತ್ತದೆ. ತಗಡನ್ನು ತಗಡಿಗೆ ಅಂಚಿಗೆ ಅಂಚು ಕೂಡಿಸುವುದು ಸಣ್ಣ ಊರಿನಲ್ಲೂ ಮತ್ತೆ ಸಾಧ್ಯವಾಯಿತು. ತಗಡಿನ ಬರವೂ ನೀಗಿತು. ತೋರಣಗಲ್ಲಿನ ಉಕ್ಕು ಬಳ್ಳಾರಿಯ ಈಚೆಯಿಂದ ಕೆಲವು ತಾಸಿನ ದಾರಿ. 18, 20 ಗೇಜಿನ ಕೋಲ್ಡ್ ರೋಲ್ ತಗಡು ಹುಬ್ಬಳ್ಳಿ, ಗದಗಿನ ಅಂಗಡಿಗಳಲ್ಲಿ ಸಿಗುತ್ತದೆ.

ಕಾರ್ಖಾನೆಗಳಲ್ಲಿ ನಡೆದ ಬದಲಾವಣೆ ಇನ್ನೂ ದೊಡ್ಡದು. 1960ರ ದಶಕದಲ್ಲಿ ಫೋರ್ಡ್ ಕಂಪನಿ ಇಡೀ ಬಾಡಿಯನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತಿನಿಂದ ಬಣ್ಣ ಕೂರಿಸುವ ವಿಧಾನ ತಂದಿತು. ಕುಂಚ ಮುಟ್ಟದ ಮೂಲೆಗೂ ಲೇಪ ತಲುಪಿತು. ಪೋರ್ಷೆ 1970ರ ದಶಕದಲ್ಲಿ ಸತುವು ಲೇಪಿಸಿದ ತಗಡಿನಿಂದ 911 ಕಾರು ಕಟ್ಟಿತು. ಸತುವು ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ನಮ್ಮ 1210ರ ಕಾಲದ ಲಾರಿಗೆ ಇವೊಂದೂ ಇರಲಿಲ್ಲ. ರೆಡ್ ಆಕ್ಸೈಡ್, ಮೇಲೆ ಎನಾಮಲ್, ಅಷ್ಟೇ. ಆದ್ದರಿಂದ ಅದನ್ನು ಇಂದು ದುರಸ್ತಿ ಮಾಡುವವರು ಮೊದಲಿನಂತೆಯೇ ಮಾಡಿದರೆ ಸಾಲದು. ಕಾಣುವಲ್ಲಿ ಮೊದಲಿನಂತೆ, ಕಾಣದಲ್ಲಿ ಮೊದಲಿಗಿಂತ ಚೆನ್ನಾಗಿ ಮಾಡಬೇಕು. ಬೆನ್ನಿಗೆ ಎಪಾಕ್ಸಿ ಪ್ರೈಮರ್, ಸಂದಿಗೆ ಸೀಲರ್, ಪೊಳ್ಳಿಗೆ ಮೇಣದ ಸಿಂಪಡಿಕೆ. ಇದು ದುಂದು ಅಲ್ಲ. ಬಾಳಿಕೆಯ ಮುಕ್ಕಾಲು ಭಾಗ ನಿಂತಿರುವುದು ಅಲ್ಲಿಯೇ.

ಮೂಲರೂಪಕ್ಕೆ ತರುವುದೆಂದರೆ

ಐವತ್ತು ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿ ಕೊಡುವ ನಿಯಮವನ್ನು ಕೇಂದ್ರ ಸರಕಾರ 2021ರ ಜುಲೈಯಲ್ಲಿ ಹೊರಡಿಸಿತು. ಅದು ಎರಡು ಮತ್ತು ನಾಲ್ಕು ಚಕ್ರದ ಖಾಸಗಿ ವಾಹನಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಆರು ಗಾಲಿಯ ಸರಕು ಲಾರಿಗೆ ಅದರಲ್ಲಿ ಸರಿಯಾದ ಜಾಗವಿಲ್ಲ. ಇತ್ತ ಹಳೆಯ ವಾಹನಗಳ ಗುಜರಿ ನೀತಿಯೂ ಅದೇ ವರ್ಷದ್ದು. ಹಳೆಯ ಕಾರುಗಳಿಗೆ ಶ್ರೀರಂಗಪಟ್ಟಣದ ಬಳಿಯ 'ಪಯಣ'ದಂಥ ಸಂಗ್ರಹಾಲಯ ಇದೆ, ರೈಲಿಗೆ ಹುಬ್ಬಳ್ಳಿಯಲ್ಲಿ 2020ರಿಂದ ಒಂದು ಸಂಗ್ರಹಾಲಯ ಇದೆ. ಗಜೇಂದ್ರಗಡದ ಸೀರೆ, ನರಗುಂದದ ಹತ್ತಿ, ರೋಣದ ಉಳ್ಳಾಗಡ್ಡಿಯನ್ನು ಊರೂರಿಗೆ ಒಯ್ದ ಲಾರಿ ಮಾತ್ರ ಗುಜರಿಗೆ ಕಿಲೋ ಲೆಕ್ಕದಲ್ಲಿ ಹೋಗುತ್ತದೆ. ಇದು ನನಗೆ ನೋವಿನ ಸಂಗತಿ.

ಒಂದು ಬಾಗಿಲನ್ನು ಹಿಡಿದು ಇಂದಿನ ಒಳ್ಳೆಯ ಪದ್ಧತಿಯನ್ನು ನೋಡೋಣ. ಮೊದಲು ಕೇಳುವುದು: ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತ ಹೋದರೆ ಗಟ್ಟಿ ತಗಡು ನಾದ ಕೊಡುತ್ತದೆ, ಪುಟ್ಟಿ ತುಂಬಿದ್ದು ಮಂಕಾಗಿ ಸದ್ದು ಮಾಡುತ್ತದೆ. ಅಯಸ್ಕಾಂತಕ್ಕೂ ಪುಟ್ಟಿ ಸಿಗುವುದಿಲ್ಲ. ಬಣ್ಣ, ಪುಟ್ಟಿ ಪೂರ್ತಿ ತೆಗೆಯಬೇಕು. ಆಮೇಲೆ ಕಾಣುವ ತೂತಿಗಿಂತ ಹೊರಗೆ, ಬೆನ್ನೂ ಮುಖವೂ ಬೆಳ್ಳಗೆ ಹೊಳೆಯುವ ತಗಡು ಸಿಗುವವರೆಗೆ ಗೆರೆ ಎಳೆಯಬೇಕು. ಎರಡು ಬೆರಳಿನ ತೂತು ಅಂಗೈಯಗಲ ಆಗಬಹುದು. ಇಲ್ಲಿ ಕೈ ಹಿಂಜರಿದರೆ ಮುಂದಿನ ಕೆಲಸವೆಲ್ಲ ವ್ಯರ್ಥ. ಕ್ಯಾಬಿನ್ನಿನ ನೆಲ ಅಥವಾ ಕಂಬ ಕತ್ತರಿಸುವುದಿದ್ದರೆ, ಕತ್ತರಿಸುವ ಮೊದಲೇ ಬಾಗಿಲಿನ ಚೌಕಕ್ಕೆ ಅಡ್ಡ ಸರಳು ಬೆಸೆಯಬೇಕು. ಇಲ್ಲವಾದರೆ ಕ್ಯಾಬಿನ್ನು ಕುಸಿದು ಬಾಗಿಲು ಮತ್ತೆಂದೂ ಕೂಡುವುದಿಲ್ಲ.

ರಟ್ಟಿನ ಮೇಲೆ ತೂತಿನ ಅಚ್ಚು ತೆಗೆದು, ಅದೇ ದಪ್ಪದ ತಗಡಿನಲ್ಲಿ ತೇಪೆ ಕತ್ತರಿಸುತ್ತಾರೆ. ಮೂಲೆ ದುಂಡಗಿರಬೇಕು, ಚೂಪು ಮೂಲೆಯಲ್ಲಿ ಶಾಖವೂ ಬಿರುಕೂ ಕೂಡುತ್ತವೆ. ಬಾಗಿಲಿನ ಮೆಲುಬಾಗು ತೇಪೆಗೂ ಬರಬೇಕು. ಮರಳಿನ ಚೀಲದ ಮೇಲೆ ಮರದ ಕೊಡತಿಯಿಂದ ಬಡಿದು, ರೈಲು ಹಳಿಯ ಮೇಲೆ ನಯ ಮಾಡಿ, ಮತ್ತೆ ಮತ್ತೆ ಹಿಡಿದು ನೋಡುತ್ತಾರೆ. ಸುತ್ತ ತಗಡಿನ ದಪ್ಪದಷ್ಟೇ ಸಂದು ಬಿಟ್ಟು ಕೂರಿಸಿ, ಎದುರುಬದುರು ಮೂಲೆಗಳಲ್ಲಿ ಚುಕ್ಕೆ, ನಡುವೆ ಚುಕ್ಕೆ, ಪ್ರತಿ ಚುಕ್ಕೆಯ ನಂತರ ಕೈ ಇಡುವಷ್ಟು ತಣಿಯುವವರೆಗೆ ಕಾಯುವುದು. ಒಂದೇ ಕಡೆಯಿಂದ ಎಳೆದುಕೊಂಡು ಹೋದರೆ ತಗಡು ಸೊಟ್ಟಗಾಗುವುದು ಖಂಡಿತ. ಬೆಸುಗೆ ತಣಿಯುವಾಗ ತಗಡನ್ನು ಸೇದುತ್ತದೆ. ಒಳಗೆ ಡಾಲಿ (ಅಂಗೈಯಲ್ಲಿ ಹಿಡಿಯುವ ಉಕ್ಕಿನ ಗಟ್ಟಿ) ಹಿಡಿದು ಹೊರಗಿನಿಂದ ಸೀಮಿನ ಮೇಲೆಯೇ ಸುತ್ತಿಗೆ ಆಡಿಸಿದರೆ ಸೇದಿದ್ದು ಮತ್ತೆ ಹಿಗ್ಗುತ್ತದೆ. ಕೊನೆಗೆ ಒಂದೆರಡು ಮಿಲಿಮೀಟರ್ ಪುಟ್ಟಿ ಬೇಕಾದರೆ ಬರಲಿ, ಅದು ಎಪಾಕ್ಸಿಯ ಮೇಲೆ. ಪುಟ್ಟಿಯ ಸರಿಯಾದ ಜಾಗ ಅಷ್ಟೇ.

ಕತ್ತರಿಸಲಾಗದ ಕಡೆ, ಅಂದರೆ ತಗಡಿನ ಮೈ ಗುಳಿಗುಳಿಯಾಗಿದ್ದರೂ ತೂತಾಗದ ಕಡೆ, ಜಂಗನ್ನು ರಸಾಯನದಿಂದ ಮಣಿಸಬೇಕು. ಫಾಸ್ಫಾರಿಕ್ ಆಮ್ಲ ಒಂದು ದಾರಿ. ಇನ್ನೊಂದು ಟ್ಯಾನಿನ್: ಅದು ತುಕ್ಕಿನ ಜೊತೆ ಕೂಡಿ ಕರಿನೀಲಿ, ನೀರಿಗೆ ಕರಗದ ಪದರವಾಗುತ್ತದೆ. ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿಸಿ ಶಾಯಿ ಮಾಡಿದವರು ಬಳಸಿದ್ದು ಇದೇ ಗುಣವನ್ನು; ರೋಣದ ಹೊಲದ ಬದುವಿನ ಜಾಲಿಯ ತೊಗಟೆ, ತಂಗಡಿಯ ತೊಗಟೆ ಚರ್ಮ ಹದ ಮಾಡುವುದೂ ಇದರಿಂದಲೇ. ಸಣ್ಣ ಭಾಗಗಳನ್ನು ಕಾಕಂಬಿ ಕಲಸಿದ ನೀರಿನಲ್ಲಿ ವಾರಗಟ್ಟಲೆ ನೆನೆಸಿ ಜಂಗು ಬಿಡಿಸುವವರು ಹೊರದೇಶಗಳಲ್ಲಿ ಬಹಳ ಮಂದಿ. ಮುಧೋಳ, ಜಮಖಂಡಿಯ ಸಕ್ಕರೆ ಕಾರ್ಖಾನೆಗಳ ನೆರೆಯಲ್ಲಿರುವ ನಮಗೆ ಕಾಕಂಬಿ ಹೊಸದಲ್ಲ. ಶೌಚಾಲಯ ತೊಳೆಯುವ ಆಮ್ಲವನ್ನು ಮಾತ್ರ ತಗಡಿನ ಹತ್ತಿರ ತರಬಾರದು. ಅದರ ಕ್ಲೋರೈಡ್ ಗುಳಿಗಳಲ್ಲಿ ಉಳಿದು ಬಣ್ಣದಡಿ ಮತ್ತೆ ಜಂಗು ಹುಟ್ಟಿಸುತ್ತದೆ. ಒಣ ಮರಳು ಹೊಡೆದು ಜಂಗು ತೆಗೆಯುವುದಂತೂ ಶ್ವಾಸಕೋಶಕ್ಕೆ ಮಾರಕ, ಸಿಲಿಕೋಸಿಸ್‌ಗೆ ಮದ್ದಿಲ್ಲ. ಸತುವಿನ ತಗಡನ್ನು ಬೆಸೆದ ರಾತ್ರಿ ಬರುವ ಚಳಿಜ್ವರ ಹೊಗೆಯಿಂದ ಬಂದದ್ದೆಂದು ಎಷ್ಟೋ ಹುಡುಗರಿಗೆ ಯಾರೂ ಹೇಳಿರುವುದಿಲ್ಲ.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಒಪ್ಪಿದ ಟುರಿನ್ ಸನ್ನದು ಒಂದು ವಿವೇಕದ ಮಾತನ್ನು ಮುಂದಿಡುತ್ತದೆ: ಹೊಸದರಂತೆ ಕಾಣಿಸುವುದಕ್ಕಿಂತ, ವಾಹನ ಬದುಕಿದ ಬದುಕಿನ ಗುರುತುಗಳನ್ನು ಉಳಿಸುವುದು ಮೇಲು. ಈ ಮಾತು ನಮ್ಮ ಲಾರಿಗೆ ಹೇಗೆ ಅನ್ವಯಿಸುತ್ತದೆ? ಬಾಗಿಲು ಬಿಚ್ಚಿದಾಗ ಒಳಗಿನಿಂದ ಕೆಲವೊಮ್ಮೆ ಹಳೆಯ ತೇಪೆಯೊಂದು ಕಾಣುತ್ತದೆ. ಎಣ್ಣೆ ಬ್ಯಾರಲ್ಲಿನ ತಗಡು. ಬೆನ್ನಿನ ಮೇಲೆ ಕಂಪನಿಯ ಹೆಸರಿನ ಅರ್ಧ ಅಕ್ಷರಗಳು ಇನ್ನೂ ಉಳಿದಿವೆ. ಗ್ಯಾಸಿನ ಸೀಮು ಗಟ್ಟಿಯಾಗಿದೆ, ಸುತ್ತಿಗೆಯ ಪೆಟ್ಟುಗಳು ಒಂದರ ಪಕ್ಕ ಒಂದು, ಸಾಲು ತಪ್ಪದೆ. ಅದನ್ನು ಕತ್ತರಿಸಿ ಹೊಸ ತಗಡು ಹಾಕಿದರೆ ಬಾಗಿಲು ಕಾರ್ಖಾನೆಗೆ ಹತ್ತಿರವಾಗುತ್ತದೆ, ಊರಿಗೆ ದೂರವಾಗುತ್ತದೆ. ನನ್ನ ಮತ ಕೇಳಿದರೆ ಆ ತೇಪೆ ಉಳಿಯಬೇಕು. ಅದರ ಅಂಚಿನ ಕೊಳೆತವನ್ನಷ್ಟೇ ಕತ್ತರಿಸಿ ಹೊಸ ತಗಡು ಕೂಡಿಸಲಿ. ಅಕ್ಷರಗಳ ಮೇಲೆ ಬಣ್ಣದ ಬದಲು ತಿಳಿ ವಾರ್ನಿಷ್ ಎಳೆಯಲಿ. ಆಮೇಲೆ ಬಾಗಿಲಿನ ತಳದ ಮೂರು ನೀರುಗಂಡಿಗಳಿಗೆ ತಂತಿ ತೂರಿಸಿ, ಮೇಣ ಅವನ್ನು ಮುಚ್ಚಿಲ್ಲವೆಂದು ನೋಡಿಕೊಂಡು, ಒಳಗೆ ಒಂದು ತಂಬಿಗೆ ನೀರು ಸುರಿದು, ಅದು ಕೊನೆಯ ಹನಿಯವರೆಗೆ ನೆಲಕ್ಕೆ ಇಳಿಯುವುದನ್ನು ಕಂಡ ಮೇಲೆಯೇ ಒಳಪಟ್ಟಿಯ ಸ್ಕ್ರೂ ಬಿಗಿಯಲಿ.